ಮೀಸೆ ಮಾಮನ ಕಾರ್ಡುಗಳು

ಹಳೆಯ ಕಾರಿನ ಸೀಟಿನ ಅಡಿಗೆ ಕೈ ಹಾಕುವ ಮುನ್ನ ಸ್ವಲ್ಪ ಯೋಚಿಸಬೇಕು. ಕಳೆದ ತಿಂಗಳು ನಾನು ಯೋಚಿಸದೆ ಹಾಕಿದೆ. ಇಷ್ಟು ವರ್ಷ ಓಡಿಸಿದ ಕಾರನ್ನು ಮಾರುವುದೆಂದು ನಿಶ್ಚಯಿಸಿ, ಕೊಳ್ಳುವವನು ಬರುವುದರೊಳಗೆ ಗುಡಿಸಿ ಒರೆಸಿಬಿಡೋಣವೆಂದು ಆಕ್ಲೆಂಡಿನ ಆಲ್ಬನಿ ಬಡಾವಣೆಯ ನನ್ನ ಬಾಡಿಗೆ ಮನೆಯ ಮುಂದೆ ಬಕೆಟ್ಟು ಹಿಡಿದು ನಿಂತಿದ್ದೆ. ಸೀಟಿನಡಿಯಿಂದ ಕಲ್ಲಾಗಿಹೋದ ಆಲೂಗಡ್ಡೆ ಚಿಪ್ಸು ಬಂತು, ಒಂಟಿ ಸಾಕ್ಸು ಬಂತು, ನೇರಳೆ ಬಣ್ಣದ ಹೇರ್‌ಬ್ಯಾಂಡು ಬಂತು. ಕೊನೆಗೆ ಬೆರಳಿಗೆ ತಗುಲಿದ್ದು ತೆಳ್ಳನೆಯ ಗಟ್ಟಿ ಪ್ಲಾಸ್ಟಿಕ್ ಕವಚ. ಇಸ್ಪೀಟ್ ಎಲೆಗಿಂತ ತುಸು ದೊಡ್ಡದು. ಒಳಗೆ ಏನೂ ಇರಲಿಲ್ಲ.

ಅಷ್ಟರಲ್ಲಿ ಕೊಳ್ಳುವವನು ತನ್ನ ಯೂಟ್ ಎಂಬ ಪಿಕಪ್ ಗಾಡಿ ನಿಲ್ಲಿಸಿ ಇಳಿದು ಬಂದ. ನನ್ನ ಕೈಯಲ್ಲಿದ್ದುದನ್ನು ನೋಡಿ ಅದೇನೆಂದು ಕೇಳಿದ. ಬೇಸ್‌ಬಾಲ್ ಕಾರ್ಡು ಇಡುವ ಕವಚ ಎಂದೆ. "ನೀವು ಬೇಸ್‌ಬಾಲ್ ಆಡ್ತೀರಾ?" ಎಂದು ನನ್ನ ಮುಖ ಬಿಟ್ಟು ಹೊಟ್ಟೆಯನ್ನು ನೋಡುತ್ತ ಕೇಳಿದ. ಇಲ್ಲವೆಂದೆ. ಅವನಿಗೆ ಸಮಾಧಾನವಾದಂತೆ ಕಂಡಿತು. ಬಾನೆಟ್ ಎತ್ತಿ ಎಂಜಿನ್ ನೋಡಲು ಹೋದ.

ನಾನು ಬೇಸ್‌ಬಾಲ್ ಆಡಿಲ್ಲ ಎನ್ನುವುದು ಹೋಗಲಿ, ಒಂದು ಇಡೀ ಪಂದ್ಯವನ್ನು ಎಚ್ಚರವಾಗಿದ್ದು ನೋಡಿಯೂ ಇಲ್ಲ. ಕಂಪ್ಯೂಟರಿನಲ್ಲಿ ಒಮ್ಮೆ ಹಚ್ಚಿಕೊಂಡು ಕೂತಿದ್ದೆ. ಯಾರೋ ಉಗುಳಿದರು, ಯಾರೋ ಟೋಪಿ ಸರಿಮಾಡಿಕೊಂಡರು, ನನಗೆ ನಿದ್ದೆ ಬಂತು. ಆದರೂ ಆ ಆಟದ ಒಬ್ಬ ನಿವೃತ್ತ ಆಟಗಾರನ ಚಿತ್ರದ ಕಾರ್ಡುಗಳನ್ನು ಈ ದೇಶದಲ್ಲಿ ನನ್ನಷ್ಟು ಹುಡುಕಿದವರು ಇನ್ನೊಬ್ಬರಿದ್ದಾರೆಂದು ನನಗನ್ನಿಸುವುದಿಲ್ಲ. ಅದೂ ಬೇರೆ ಬೇರೆ ಚಿತ್ರಗಳಲ್ಲ. ಒಂದೇ ಚಿತ್ರ. ಅದರ ಅಂಚು ಒಂದರಲ್ಲಿ ಬಿಳಿ, ಒಂದರಲ್ಲಿ ಬಂಗಾರದ ಬಣ್ಣ. ಬೆನ್ನಿನ ಅಕ್ಷರ ಒಂದರಲ್ಲಿ ಕೆಂಪು, ಒಂದರಲ್ಲಿ ಕಪ್ಪು. ನೀವು ನಗಬಹುದು. ಹುಬ್ಬಳ್ಳಿಯ ನನ್ನ ಅವ್ವನೂ ಫೋನಿನಲ್ಲಿ ಕೇಳಿ, "ಒಂದ ಮಾರಿ ಎಷ್ಟ ಸಲ ನೋಡ್ತೀಯೋ?" ಎಂದಿದ್ದಳು.

ಅವ್ವನಿಗೆ ಹಾಗೆ ಕೇಳುವ ಹಕ್ಕಿತ್ತು. ಚಿಕ್ಕವನಿದ್ದಾಗ ನಾನು ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರಗಳನ್ನು ಕೂಡಿಡುತ್ತಿದ್ದೆ. ಓಣಿಯ ಹುಡುಗರೆಲ್ಲ ಹುಲಿ, ನವಿಲು, ಹಡಗು ಎಂದು ಬಗೆಬಗೆಯವನ್ನು ಆರಿಸಿದರೆ ನನಗೆ ಮಾತ್ರ ಒಂದೇ ಕುದುರೆ ಚಿತ್ರದ ಹುಚ್ಚು. ಒಂದು ಪೆಟ್ಟಿಗೆಯಲ್ಲಿ ಕುದುರೆಯ ಬಾಲ ಅಂಚಿನಾಚೆ ಹೋಗಿದ್ದರೆ, ಇನ್ನೊಂದರಲ್ಲಿ ಕೆಂಪು ಬಣ್ಣ ಜರುಗಿ ಕುದುರೆಗೆ ಎರಡು ಬೆನ್ನು ಬಂದಿದ್ದರೆ ನನಗೆ ಅದೇ ಹಬ್ಬ. ಪಾನಂಗಡಿಯ ಮುಂದಿನ ಗಟಾರದಲ್ಲಿ ಕೈಯಾಡಿಸಿ ಬಂದವನನ್ನು ಅವ್ವ ಹಿತ್ತಲಲ್ಲೇ ನಿಲ್ಲಿಸಿ ನೀರು ಸುರಿದು ಒಳಗೆ ಬಿಡುತ್ತಿದ್ದಳು. ಒಂದು ಮಳೆಗಾಲ ಒಲೆ ಹತ್ತದಿದ್ದಾಗ ಇಡೀ ಕುದುರೆಲಾಯವೇ ಅದರೊಳಗೆ ಹೋಯಿತು. ಅವ್ವ ಕೇಳಿಯೇ ತೆಗೆದುಕೊಂಡಿದ್ದಳು. ಹಸಿವಾಗಿತ್ತು, ನಾನು ಹೂಂ ಎಂದಿದ್ದೆ.

ಓದಲೆಂದು ಆಲ್ಬನಿಗೆ ಬಂದವನು ಓದು ಮುಗಿದ ಮೇಲೂ ಇಲ್ಲೇ ಉಳಿದೆ. ಹಾಲಿನ ಪುಡಿಯನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಒಂದು ಚೀಲದ ಪುಡಿಗೂ ಇನ್ನೊಂದು ಚೀಲದ ಪುಡಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರದಂತೆ ನೋಡಿಕೊಳ್ಳುವುದೇ ನನ್ನ ಉದ್ಯೋಗ. ಮೈಸೂರಿನ ಶೈಲಾ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಯುಗಾದಿ ಊಟದ ಪಂಕ್ತಿಯಲ್ಲಿ ಪರಿಚಯವಾಗಿ ಮದುವೆಯಾದೆವು. ಸಿಂಚನಾ ಹುಟ್ಟಿದಳು. ಅವಳಿಗೆ ಎಂಟು ತುಂಬುವ ಹೊತ್ತಿಗೆ ನಾವಿಬ್ಬರೂ ಬೇರೆಯಾಗಿದ್ದೆವು. ಕಾರಣ ಕೇಳಿದರೆ ಹೇಳುವುದು ಕಷ್ಟ. ಪಾತ್ರೆ ಎಸೆಯುವಂಥ ಜಗಳ ಒಂದೂ ಆಗಲಿಲ್ಲ. ಒಂದು ದಿನ ನೋಡಿದರೆ ನಾವು ಫ್ಲ್ಯಾಟ್‌ಮೇಟ್‌ಗಳ ಹಾಗೆ ಫ್ರಿಜ್ಜಿನಲ್ಲಿ ನಮ್ಮ ನಮ್ಮ ಮೊಸರು ಬೇರೆ ಬೇರೆ ಇಡುತ್ತಿದ್ದೆವು. ಶೈಲಾ ಮಗಳನ್ನು ಕರೆದುಕೊಂಡು ಊರಿನ ಇನ್ನೊಂದು ಕಡೆಯ ಬಾಟನಿ ಡೌನ್ಸ್‌ಗೆ ಹೋದಳು. ನಾನು ಆಲ್ಬನಿಯಲ್ಲೇ ಒಂದು ಕೋಣೆಯ ಮನೆ ಹಿಡಿದೆ. ವಾರ ಬಿಟ್ಟು ವಾರ ಶನಿವಾರ, ಭಾನುವಾರ ಮಗಳು ನನ್ನವಳು.

ಒಂದೇ ಮನೆಯಲ್ಲಿದ್ದಾಗ ಮಗಳ ಜೊತೆ ಏನು ಮಾತಾಡಬೇಕೆಂದು ಯಾರೂ ಯೋಚಿಸುವುದಿಲ್ಲ. ಹಲ್ಲುಜ್ಜು, ಹೊರಡು, ಅಲ್ಲಿ ಕಾಲಿಡಬೇಡ ಎನ್ನುವುದರಲ್ಲೇ ದಿನ ಕಳೆಯುತ್ತದೆ. ಆ ಮೊದಲ ಶನಿವಾರಗಳಲ್ಲಿ ಮಾಲಿನ ಫುಡ್‌ಕೋರ್ಟಿನಲ್ಲಿ ಎದುರುಬದುರು ಕೂತು, ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ಮಾತು ಹುಡುಕಬೇಕಾಗಿತ್ತು.

"ಸಾಲಿ ಹೆಂಗೈತವಾ?"

"ಗುಡ್."

"ಊಟಾ ಏನ್ ಮಾಡಿದಿ?"

"ಪಾಸ್ತಾ."

ಆಮೇಲೆ ಇಬ್ಬರೂ ಚಿಪ್ಸ್ ತಿನ್ನುತ್ತಿದ್ದೆವು. ಮಗಳು ಮಾತಾಡುವುದು ಇಂಗ್ಲಿಷಿನಲ್ಲೇ. ನಾನಿಲ್ಲಿ ಬಹುಪಾಲು ಕನ್ನಡದಲ್ಲಿ ಬರೆದಿದ್ದೇನೆ. ಹಾಗೆ ಬರೆಯುವಾಗ ಅವಳು ನನ್ನೊಡನೆ ಕನ್ನಡದಲ್ಲೇ ಮಾತಾಡಿದಳೆಂಬ ಸುಖ ಪುಕ್ಕಟೆ ಸಿಗುತ್ತದೆ. ಅವಳ ಬಾಯಲ್ಲಿ ಉಳಿದಿದ್ದ ನಾಲ್ಕಾರು ಕನ್ನಡದ ಮಾತುಗಳಿಗೆ ಮೊದಲು ನನ್ನ ಕಡೆಯ ರಾಗವಿತ್ತು. "ಬ್ಯಾಡ" ಎನ್ನುತ್ತಿದ್ದಳು. ಬಾಟನಿಗೆ ಹೋದ ವರ್ಷದೊಳಗೆ ಅದು "ಬೇಡ" ಆಯಿತು. ತಪ್ಪೇನಲ್ಲ, ಮೈಸೂರಿನ ಕನ್ನಡವೂ ಕನ್ನಡವೇ. ಆದರೆ ಅದನ್ನು ಮೊದಲ ಸಲ ಕೇಳಿದ ದಿನ ಮೋಟರ್‌ವೇಯಲ್ಲಿ ನಾನು ಇಳಿಯಬೇಕಾದ ದಾರಿ ತಪ್ಪಿ ಬಹಳ ದೂರ ಹೋಗಿಬಿಟ್ಟಿದ್ದೆ.

ನಮ್ಮನ್ನು ಆ ಚಿಪ್ಸಿನಿಂದ ಪಾರುಮಾಡಿದವಳು ಮೆರೆ. ಮೆರೆ ಸಿಂಚನಾ ಸೇರಿದ್ದ ತಂಡದ ಸಾಫ್ಟ್‌ಬಾಲ್ ಕೋಚ್. ಅಗಲ ಭುಜದ, ದೊಡ್ಡ ನಗುವಿನ, ಇಲ್ಲಿನ ಮೂಲನಿವಾಸಿ ಮಾವೊರಿ ಹೆಂಗಸು. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿಯಂಥ ಆಟ, ಇಲ್ಲಿನ ಶಾಲೆಗಳಲ್ಲಿ ಹೆಣ್ಣುಮಕ್ಕಳು ತುಂಬ ಆಡುತ್ತಾರೆ. ಮೆರೆ ನನ್ನ ಮಗಳ ಹೆಸರನ್ನು ಸಿಂಚ್ ಎಂದು ಮೊಟಕು ಮಾಡಿದ್ದಳು. ಇಂಗ್ಲಿಷಿನಲ್ಲಿ ಹಾಗೆಂದರೆ ಬಲು ಸುಲಭದ ಕೆಲಸ ಎಂದರ್ಥವಂತೆ. ನನಗೆ ಸ್ವಂತ ಹೆಸರೇ ಇರಲಿಲ್ಲ. ಮೈದಾನದಲ್ಲಿ ಎಲ್ಲರಿಗೂ ನಾನು 'ಸಿಂಚ್ಸ್ ಡ್ಯಾಡ್'. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಹುದ್ದೆ ನನಗೆ ಸಿಕ್ಕಿಲ್ಲ.

ಸಿಂಚನಾ ಕ್ಯಾಚರ್ ಆಗಿದ್ದಳು. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಬ್ಯಾಟು ಹಿಡಿದವಳ ಹಿಂದೆ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂರುವುದು. ಯಾರೂ ಇಷ್ಟಪಟ್ಟು ಮಾಡುವ ಕೆಲಸವಲ್ಲ. ಒಂದು ಶನಿವಾರ ಆಟ ಸೋತು ಅಳುತ್ತ ಬಂದವಳಿಗೆ ಮೆರೆ ತನ್ನ ಪರ್ಸಿನಿಂದ ಒಂದು ಕಾರ್ಡು ತೆಗೆದುಕೊಟ್ಟು, "ನೋಡು ಸಿಂಚ್, ಇವನೂ ಕ್ಯಾಚರ್. ಇವನೂ ಬೇಕಾದಷ್ಟು ಸೋತಿದ್ದಾನೆ" ಎಂದಳು. ಕಾರ್ಡಿನಲ್ಲಿ ಜಾಲರಿಯನ್ನು ಹಣೆಯ ಮೇಲೆ ಏರಿಸಿಕೊಂಡು, ಎಡಗೈಯಲ್ಲಿ ದಪ್ಪ ಗ್ಲೌಸು ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕುಕ್ಕರಿಸಿದ ಒಬ್ಬ ಅಮೆರಿಕದವನು. ಸಿಂಚನಾ ಹುಟ್ಟುವ ಮೊದಲೇ ನಿವೃತ್ತನಾದವನು. ನಮ್ಮೂರ ಬಸ್ ಕಂಡಕ್ಟರಿಗೆ ಇರಬಹುದಾದಂಥ ಭಾರೀ ಮೀಸೆ. ಅವನ ಹೆಸರು ಇಲ್ಲಿ ಬೇಡ. ಸಿಂಚನಾ ಅಳು ನಿಲ್ಲಿಸಿ, ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೀಸೆ ಮಾಮ" ಎಂದಳು. ಅವಳು ಸ್ವಂತ ಬುದ್ಧಿಯಿಂದ ಕಟ್ಟಿದ ಮೊದಲ ಕನ್ನಡ ಹೆಸರು ಅದು.

ಮುಂದಿನ ಸಲ ಬಂದಾಗ ಮಾಮನ ಇನ್ನೊಂದು ಕಾರ್ಡು ಬೇಕೆಂದಳು. ಹುಡುಕುತ್ತ ಹೋದಾಗ ಸಿಕ್ಕಿದ್ದು ಅಂಚೆಚೀಟಿ, ಹಳೆಯ ನಾಣ್ಯ, ಆಟಗಾರರ ಕಾರ್ಡು ಮಾರುವ ಸಣ್ಣ ಅಂಗಡಿ. ಒಳಗೆ ಸದಾ ಹಳೆಯ ಕಾಗದದ ವಾಸನೆ, ಕೌಂಟರಿನ ಹಿಂದೆ ನೆವಿಲ್ ಎಂಬ ಮುದುಕ. ನಮ್ಮ ಕಾರ್ಡನ್ನು ನೋಡಿ ಒಳಗಿನಿಂದ ಅಂಥದ್ದೇ ಇನ್ನೊಂದನ್ನು ತಂದು ಪಕ್ಕಕ್ಕಿಟ್ಟ. ಇದು ನಮ್ಮ ಹತ್ತಿರ ಇದೆಯಲ್ಲ ಎಂದೆ. "ಸರಿಯಾಗಿ ನೋಡಿ" ಎಂದ. ನಾನು ನೋಡಿದೆ. ಹಾಲಿನ ಪುಡಿಯಲ್ಲಿ ಕೂದಲೆಳೆ ಹುಡುಕುವ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಸಿಂಚನಾ ಗಾಜಿನ ಮೇಲೆ ಮೂಗು ಒತ್ತಿ, ಉಸಿರಿನಿಂದ ಅದನ್ನೆಲ್ಲ ಮಬ್ಬು ಮಾಡಿ, "ಗುಂಡಿ! ಮಾಮನ ಅಂಗಿಯ ಮೇಲಿನ ಗುಂಡಿ ಇದರಲ್ಲಿ ಇಲ್ಲ!" ಎಂದು ಕೂಗಿದಳು. ಮುದ್ರಣದಲ್ಲಿ ಶಾಯಿ ಹತ್ತದೆ ಗುಂಡಿ ಅಳಿಸಿಹೋಗಿತ್ತು. ಇಂಥವಕ್ಕೆ ವೇರಿಯೇಶನ್ ಎನ್ನುತ್ತಾರೆಂದು ನೆವಿಲ್ ಹೇಳಿದ. ನಮ್ಮ ಲ್ಯಾಬಿನಲ್ಲಿ ಆ ಶಬ್ದ ಬೈಗುಳಕ್ಕೆ ಸಮ. ಅಲ್ಲಿ ಅದು ಕೊಂಡಾಡುವ ಸಂಗತಿ.

ಆ ದಿನ ಫುಡ್‌ಕೋರ್ಟಿನಲ್ಲಿ ಎರಡು ಕಾರ್ಡುಗಳನ್ನು ಟಿಶ್ಯೂ ಮೇಲೆ ಇಟ್ಟುಕೊಂಡು ನಾವು ಎಷ್ಟು ಮಾತಾಡಿದೆವೆಂದರೆ, ಮೇಜು ಒರೆಸುವ ಹೆಂಗಸು ನಮ್ಮ ಸುತ್ತ ಒರೆಸಿಕೊಂಡು ಹೋದಳು. ಗುಂಡಿ ಎಲ್ಲಿ ಬಿದ್ದಿರಬಹುದು, ಮಾಮನ ಹೆಂಡತಿ ಬೈದಿರಬಹುದೇ, ಬೇರೆ ಗುಂಡಿ ಹಚ್ಚಿಕೊಟ್ಟಿರಬಹುದೇ. ಬಾಟನಿಯಲ್ಲಿ ಅವಳನ್ನು ಇಳಿಸಿ ಹಾರ್ಬರ್ ಸೇತುವೆ ದಾಟಿ ವಾಪಸ್ ಬರುವಾಗ ಕಾರಿನಲ್ಲಿ ನಾನೊಬ್ಬನೇ ಹಾಡು ಹೇಳಿಕೊಂಡೆ. ನನ್ನ ಧ್ವನಿ ಕೆಟ್ಟದಾಗಿದೆ. ಅವತ್ತು ಯಾರಿಗೂ ತೊಂದರೆಯಾಗಲಿಲ್ಲ.

ಹೀಗೆ ಶುರುವಾಯಿತು. ಬಂಗಾರದ ಅಂಚಿನ ಮಾಮ ಬಂದ, ಹೊಳೆಯುವ ಮಾಮ ಬಂದ. ಕೆನಡಾದಲ್ಲಿ ಅಚ್ಚಾದ ಮಾಮ ಬಂದ. ಅವನ ಬೆನ್ನಿಗೆ ಫ್ರೆಂಚ್ ಭಾಷೆಯೂ ಇತ್ತು. ಪಾರದರ್ಶಕ ಜೇಬುಗಳ ಒಂದು ನೀಲಿ ಆಲ್ಬಂ ತಂದೆವು. ಅದು ಬಾಟನಿಗೂ ಆಲ್ಬನಿಗೂ ಅವಳ ಚೀಲದಲ್ಲಿ ಓಡಾಡುತ್ತಿತ್ತು. ಒಂದು ವರ್ಷ ಯುಗಾದಿ ಊಟಕ್ಕೂ ತಂದಳು. ದಾವಣಗೆರೆಯ ಅಂಕಲ್ ಒಬ್ಬರು ಹೋಳಿಗೆ ತಿನ್ನುತ್ತ ಆಲ್ಬಂ ತಿರುವಿಹಾಕಿ, "ಏನ್ರೀ ಇದು, ಎಲ್ಲಾದ್ರಲ್ಲೂ ಒಬ್ನೇ ಅದಾನೆ! ಪಾಸ್‌ಪೋರ್ಟ್ ಆಫೀಸ್‌ನೋರ್ ಕೊಟ್ರಾ?" ಎಂದರು. ಸಿಂಚನಾ ಅವರ ತುಪ್ಪದ ಬೆರಳಿನಿಂದ ಆಲ್ಬಂ ಕಿತ್ತುಕೊಂಡು ಒಂದೊಂದೇ ವ್ಯತ್ಯಾಸ ತೋರಿಸಿ ಹೇಳಿದಳು. ಅಂಕಲ್ ಸುಸ್ತಾಗಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ನಾನು ಪಕ್ಕದಲ್ಲಿ ನಿಂತು, ಮಗಳು ಸಂಸ್ಕೃತ ಶ್ಲೋಕ ಹೇಳುತ್ತಿದ್ದಾಳೇನೋ ಎಂಬಂತೆ ಬೀಗಿದೆ.

ನೆವಿಲ್ ಇನ್ನೊಂದು ಕಾರ್ಡಿನ ಸುದ್ದಿ ಹೇಳಿದ್ದ. ಅಚ್ಚು ಹಾಕುವಾಗ ಯಾರೋ ಫಿಲ್ಮು ತಿರುವುಮುರುವಾಗಿ ಇಟ್ಟು, ಮಾಮ ಬಲಗೈಯಲ್ಲಿ ಗ್ಲೌಸು ಹಾಕಿದವನಾಗಿ ಅಚ್ಚಾಗಿದ್ದನಂತೆ. ತಪ್ಪು ಗೊತ್ತಾಗಿ ಕೂಡಲೇ ನಿಲ್ಲಿಸಿದರಂತೆ. ಹೊರಗೆ ಹೋದದ್ದು ಸ್ವಲ್ಪವೇ. ಸಿಂಚನಾ ಅವನಿಗೆ ಉಲ್ಟಾ ಮಾಮ ಎಂದು ಹೆಸರಿಟ್ಟಳು. ಆಲ್ಬಮ್ಮಿನ ಮೊದಲ ಜೇಬನ್ನು ಅವನಿಗಾಗಿ ಖಾಲಿ ಬಿಟ್ಟಳು.

ಅದು ತುಂಬುವ ಮೊದಲೇ ಶೈಲಾಗೆ ಡನೀಡಿನ್‌ನಲ್ಲಿ ಕೆಲಸ ಸಿಕ್ಕಿತು. ಆಕ್ಲೆಂಡಿನಿಂದ ಡನೀಡಿನ್ ಎಂದರೆ ಉತ್ತರದ ದ್ವೀಪದಿಂದ ದಕ್ಷಿಣ ದ್ವೀಪದ ಕೆಳತುದಿಗೆ, ವಿಮಾನ ಹತ್ತಬೇಕು. ಸಾಫ್ಟ್‌ಬಾಲ್ ಮೈದಾನದ ಕಾರ್ ಪಾರ್ಕಿನಲ್ಲಿ ಅವಳು ನನಗೆ ಹೇಳಿದಳು. ಬೇರೆಯಾದ ಮೇಲೆ ಅವಳಿಗೆ ನನ್ನನ್ನು ಹೇಗೆ ಕರೆಯಬೇಕೆಂಬುದೇ ಸಮಸ್ಯೆಯಾಗಿತ್ತು. "ರೀ" ಎನ್ನುವಂತಿಲ್ಲ, ಹೆಸರು ಹಿಡಿದು ರೂಢಿಯಿಲ್ಲ. ಹಾಗಾಗಿ ಎಲ್ಲವನ್ನೂ "ನೋಡಿ" ಎಂದು ಶುರುಮಾಡುತ್ತಿದ್ದಳು.

"ನೋಡಿ, ಚಾರ್ಜ್ ನರ್ಸ್ ಪೋಸ್ಟು. ಮತ್ತೆ ಸಿಗೋ ಅಂಥದ್ದಲ್ಲ. ಅವಳಿಗೂ ಅಲ್ಲಿ ಒಳ್ಳೆ ಸ್ಕೂಲಿದೆ. ನೀವು ಬೇಡ ಅಂದ್ರೆ ಕೂತ್ಕೊಂಡು ಮಾತಾಡೋಣ."

ಮೈದಾನದಲ್ಲಿ ಸಿಂಚನಾ ಜಾಲರಿ ಕಟ್ಟಿಕೊಂಡು ಕುಕ್ಕರಿಸಿದ್ದಳು. ಬೇಡ ಎನ್ನಲು ನನಗೆ ನೂರು ಕಾರಣ ಇದ್ದವು. ನನ್ನ ಬಾಯಿಯಿಂದ ಬಂದದ್ದು, "ಚೊಲೋ ಆತಲ್ಲ." ಒಳ್ಳೆಯ ಸುದ್ದಿ ಕೇಳಿದರೆ ಹಾಗೆನ್ನಬೇಕೆಂದು ಅವ್ವ ಕಲಿಸಿದ್ದು, ತಾನಾಗಿ ಬಂದುಬಿಟ್ಟಿತು. ಶೈಲಾ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ "ಥ್ಯಾಂಕ್ಸ್" ಎಂದು ತನ್ನ ಕಾರಿನತ್ತ ಹೋದಳು.

ಆಮೇಲಿನದು ಭಾನುವಾರದ ಫೋನು. ಪ್ರತಿ ಭಾನುವಾರ ಸಂಜೆ ಸಿಂಚನಾ ಕರೆ ಮಾಡುತ್ತಿದ್ದಳು. ರಜೆಯಲ್ಲಿ ಮೊದಮೊದಲು ಬಂದು ಇದ್ದು ಹೋಗುತ್ತಿದ್ದಳು. ಬರಬರುತ್ತ ಕ್ಯಾಂಪು, ಗೆಳತಿಯರ ಬಾಚ್ ಎಂಬ ರಜಾಮನೆಯಲ್ಲಿ ಸಮುದ್ರದ ದಂಡೆಯ ರಜೆ ಎಂದೆಲ್ಲ ಆಗಿ, ಬರುವುದು ಕಡಿಮೆಯಾಯಿತು. ಬಾರದಿದ್ದರೇನು, ನಮ್ಮ ಮಧ್ಯೆ ಮಾಮ ಇದ್ದನಲ್ಲ. ನಾನು ಕಾರ್ಡುಗಳನ್ನು ಹುಡುಕಿ ಅಂಚೆಯಲ್ಲಿ ಕಳಿಸುತ್ತಿದ್ದೆ. ಭಾನುವಾರ ಫೋನಿಗೆ ಪರೀಕ್ಷೆಗೆ ಓದುವವನ ಹಾಗೆ ತಯಾರಾಗುತ್ತಿದ್ದೆ. "ಈ ಸಲದ್ದರಾಗ ಟೋಪಿ ಮ್ಯಾಲಿನ ಗೆರಿ ನೋಡವಾ, ತಿಳಿ ನೀಲಿ ಐತಿ" ಎಂದರೆ ಆ ಕಡೆಯಿಂದ, "ವಾವ್ ಅಪ್ಪ! ನಿಜವಾಗಲೂ? ಅಂಚು ಹೊಳೆಯುತ್ತಾ?" ಎಂದು ಕೇಳುತ್ತಿದ್ದಳು. ಹೊಳೆಯುತ್ತದೆಂದು ನಾನು ವಿವರವಾಗಿ ಹೇಳುತ್ತಿದ್ದೆ. ಹಾಗೆ ಹೇಳುತ್ತ ಹೇಳುತ್ತ ಹೊತ್ತು ಹೋಗುತ್ತಿತ್ತು. ಫೋನಿಟ್ಟ ಮೇಲೆ ಅವಳ ಬಗ್ಗೆ ಏನು ತಿಳಿಯಿತೆಂದು ಯೋಚಿಸಿದರೆ, ಚೆನ್ನಾಗಿದ್ದಾಳೆ ಎಂಬುದಷ್ಟೇ. ಅದೂ ಸಾಕೆನಿಸುತ್ತಿತ್ತು.

ಒಂದು ಚಳಿಗಾಲ ನೆವಿಲ್ ಫೋನು ಮಾಡಿದ. ಅಂಗಡಿ ಮುಚ್ಚುತ್ತಿದ್ದೇನೆ, ಕಣ್ಣು ಸಾಲದು, ಬಂದು ಹೋಗಿ, ನಿಮ್ಮ ಉಲ್ಟಾ ಮನುಷ್ಯ ಬಂದಿದ್ದಾನೆ ಎಂದ. ತೀರಿಹೋದ ಯಾವನೋ ಸಂಗ್ರಾಹಕನ ಪೆಟ್ಟಿಗೆಯಲ್ಲಿ ಸಿಕ್ಕಿತ್ತಂತೆ. ಬೆಲೆಯ ಮಾತು ಬೇಡ, ಕೊಟ್ಟೆ. ಮಾಮ ಅದೇ ಬಿಸಿಲಿಗೆ ಅದೇ ರೀತಿ ಕಣ್ಣು ಕಿರಿದು ಮಾಡಿಕೊಂಡು, ಗ್ಲೌಸು ಮಾತ್ರ ಬಲಗೈಗೆ ಹಾಕಿಕೊಂಡು ಕುಕ್ಕರಿಸಿದ್ದ. ಅವನ ಅಂಗಿಯ ಮೇಲಿನ ತಂಡದ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿತ್ತು. ಇದನ್ನು ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಸಿಂಚನಾಗೆ ಹೇಳದೆ, ಶೈಲಾಗೆ ಮಾತ್ರ ತಿಳಿಸಿ, ಶಾಲೆಯ ರಜೆಯಲ್ಲಿ ಡನೀಡಿನ್‌ಗೆ ಹೊರಟೆ. ವಿಮಾನದಲ್ಲಿ ಅಂಗಿಯ ಜೇಬನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುವುದನ್ನು ನೋಡಿ ಪಕ್ಕದ ಹೆಂಗಸು, "ಎದೆ ನೋವಾ? ಯಾರನ್ನಾದರೂ ಕರೆಯಲಾ?" ಎಂದು ಕೇಳಿದಳು.

ಶೈಲಾ ಇದ್ದ ಮನೆ ಏರುರಸ್ತೆಯ ತುದಿಯಲ್ಲಿತ್ತು. ಹತ್ತಿ ಹೋಗುವಷ್ಟರಲ್ಲಿ ಆ ಚಳಿಯಲ್ಲೂ ಬೆವತಿದ್ದೆ. "ಬನ್ನಿ ಒಳಗೆ, ಅವಳು ಫ್ರೆಂಡ್ ಮನೆಗೆ ಹೋಗಿದ್ದಾಳೆ, ಈಗ ಬರ್ತಾಳೆ" ಎಂದು ಕಾಫಿ ಮಾಡಿಕೊಟ್ಟಳು. ಸಕ್ಕರೆ ಎಷ್ಟೆಂದು ಕೇಳಲಿಲ್ಲ, ಸರಿಯಾಗಿತ್ತು. ಮಾತು ಬೆಳೆಸಬೇಕೆಂದು ನಾನು, ಈ ಚಳಿಯಲ್ಲಿ ಸಾಫ್ಟ್‌ಬಾಲ್ ಪ್ರಾಕ್ಟೀಸ್ ಎಲ್ಲಿ ಮಾಡುತ್ತಾಳೆಂದು ಕೇಳಿದೆ.

"ಸಾಫ್ಟ್‌ಬಾಲಾ? ಅದನ್ನ ಬಿಟ್ಟು ಬಹಳ ದಿನ ಆಯ್ತಲ್ಲ. ಮಂಡಿ ನೋವು ಅಂತ. ನಿಮಗೆ ಹೇಳಿಲ್ವಾ?"

"ಹೇಳಿರಬೇಕು" ಎಂದೆ. "ನನಗ ಮರತಿರಬೇಕು."

ಸಿಂಚನಾ ಹೇಳಿರಲಿಲ್ಲ. ಹಿಂದಿನ ಭಾನುವಾರವಷ್ಟೇ ನಾನು ಆಟ ಹೇಗೆ ನಡೆದಿದೆಯೆಂದು ಕೇಳಿದ್ದೆ, "ಗುಡ್" ಎಂದಿದ್ದಳು.

ಸಿಂಚನಾ ಬಂದಳು. ನನ್ನ ಭುಜ ದಾಟಿ ಬೆಳೆದಿದ್ದಳು. ನನ್ನನ್ನು ಕಂಡು ಒಂದು ಕ್ಷಣ ಗಾಬರಿಯಾದವಳ ಹಾಗೆ ಬಾಗಿಲಲ್ಲೇ ನಿಂತು, ಆಮೇಲೆ ಓಡಿ ಬಂದು ತಬ್ಬಿಕೊಂಡಳು. ಯಾಕೆ ಬಂದೆ, ಏನಾಯಿತು ಎಂದು ಕೇಳಿದಳು. ನಾನು ಮಂತ್ರವಾದಿಯ ಹಾಗೆ ಜೇಬಿನಿಂದ ಕವಚ ತೆಗೆದು ಅವಳ ಅಂಗೈಯಲ್ಲಿ ಇಟ್ಟೆ.

"ಯಾರ್ ಬಂದಾರ ನೋಡವಾ."

ನೋಡಿದಳು. "ವಾವ್" ಎಂದಳು. "ವಾವ್ ಅಪ್ಪ. ಉಲ್ಟಾ ಮಾಮ!" ಧ್ವನಿ ಸರಿಯಾಗಿಯೇ ಇತ್ತು. ಫೋನಿನಲ್ಲಿ ಕೇಳುತ್ತಿದ್ದ ಅದೇ ಧ್ವನಿ. ಆದರೆ ಫೋನಿನಲ್ಲಿ ಮುಖ ಕಾಣುತ್ತಿರಲಿಲ್ಲ. ಆ ಮುಖದಲ್ಲಿ ಖುಷಿ ಇರಲಿಲ್ಲ. ವಾರ್ಡಿನ ರೋಗಿಗೆ ಸುಳ್ಳು ಧೈರ್ಯ ಹೇಳುವಾಗ ಅವಳ ಅಮ್ಮನ ಮುಖದಲ್ಲಿ ಇರುತ್ತಿದ್ದಂಥ ಎಚ್ಚರಿಕೆ ಇತ್ತು.

"ಆಲ್ಬಂ ತೊಗೊಂಡ್ ಬಾ, ಮೊದಲನೇ ಕಿಸೆದಾಗ ಇಬ್ಬರೂ ಕೂಡಿ ಹಾಕೋಣು."

"ಆಮೇಲೆ ಹಾಕ್ತೀನಿ ಅಪ್ಪ."

"ಈಗ ತೊಗೊಂಡ್ ಬಾರವಾ. ಇದಕ್ಕಂತ ಇಲ್ಲೀತನಕ ಬಂದೇನಿ."

ಅವಳು ಅಮ್ಮನ ಕಡೆ ನೋಡಿದಳು. ಶೈಲಾ ಕಾಫಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸಿಂಚನಾ ಕೋಣೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಆಲ್ಬಂ ಇರಲಿಲ್ಲ. ಕಣ್ಣು ಕೆಂಪಾಗಿದ್ದವು. ನನ್ನ ಎದುರಿನ ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು.

"ಆಲ್ಬಂ ಇಲ್ಲ ಅಪ್ಪ. ಈ ಮನೆಗೆ ಬರುವಾಗ ಆಪ್ ಶಾಪ್‌ಗೆ ಕೊಟ್ಟುಬಿಟ್ಟೆ. ಹಳೆ ಆಟದ ಸಾಮಾನಿನ ಜೊತೆ."

ಆಪ್ ಶಾಪ್ ಎಂದರೆ ಬೇಡದ ಬಟ್ಟೆಬರೆ, ಪಾತ್ರೆಪಗಡವನ್ನು ದಾನವಾಗಿ ಪಡೆದು ಮಾರುವ ಅಂಗಡಿ. ಆ ಮನೆಗೆ ಅವರು ಬಂದು ಆಗಲೇ ಎರಡು ಚಳಿಗಾಲ ಕಳೆದಿದ್ದವು.

"ಮತ್ತ ಆಮ್ಯಾಲೆ ನಾ ಕಳಿಸಿದ್ದು?"

"ಅವು ಇವೆ. ಡ್ರಾಯರ್‌ನಲ್ಲಿ ಇಟ್ಟಿದ್ದೀನಿ. ನೀನು ಕಳಿಸಿದ್ದು ಅಂತ." ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟು, "ನನಗೆ ಕಾರ್ಡು ಬೇಕು ಅನ್ನಿಸೋದು ಯಾವಾಗಲೋ ನಿಂತುಹೋಗಿತ್ತು ಅಪ್ಪ" ಎಂದಳು.

"ಹಂಗಾರ ಹೇಳಬೇಕಿತ್ತಿಲ್ಲವಾ? ನಾ ಏನ್ ಸಿಟ್ಟಾಗ್ತಿದ್ನಾ?"

"ಸಿಟ್ಟಲ್ಲ. ಬೇರೆ ಏನು ಹೇಳಿದರೂ ನೀನು ಹೂಂ, ಹೂಂ ಅಂತಿದ್ದೆ. ಮಾಮನ ವಿಷಯ ಬಂದರೆ ಮಾತ್ರ ನಿನ್ನ ಧ್ವನಿ ಖುಷಿಯಾಗ್ತಿತ್ತು. ನಿನಗೆ ಅಲ್ಲಿ ಯಾರೂ ಇಲ್ಲ. ಅದನ್ನೂ ನಾನು ತೆಗೆದುಬಿಟ್ಟರೆ ನೀನು ಏನ್ ಮಾಡ್ತೀಯ ಅಂತ."

ಒಂದು ಮಗುವನ್ನು ಕೈಬಿಡಬಾರದೆಂದು ಇಷ್ಟು ವರ್ಷ ದಾರ ಹಿಡಿದು ಜಗ್ಗುತ್ತಿದ್ದೇನೆ ಎಂದುಕೊಂಡಿದ್ದೆ. ಆ ಕಡೆ ಮಗು ಬೆರಳಿಗೆ ದಾರ ಸುತ್ತಿಕೊಂಡು, ಅಪ್ಪ ಬಿದ್ದಾನೆಂದು ಕದಲದೆ ನಿಂತಿತ್ತು. ಆಟ ಬಿಟ್ಟಿದ್ದನ್ನು, ಮಂಡಿ ನೋಯುತ್ತಿದ್ದುದನ್ನು, ಇನ್ನೂ ಏನೇನನ್ನೋ ಒಳಗೇ ಇಟ್ಟುಕೊಂಡು, ಭಾನುವಾರ ಬಂದ ಕೂಡಲೇ ಒಬ್ಬ ನಡುವಯಸ್ಸಿನ ಗಂಡಸನ್ನು ಖುಷಿಪಡಿಸುವ ಕೆಲಸಕ್ಕೆ ಕೂರುತ್ತಿತ್ತು.

ಅಡುಗೆಮನೆಯಲ್ಲಿ ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಲೋಟಗಳನ್ನು ಅಷ್ಟು ಹೊತ್ತು ತೊಳೆಯಬೇಕಾಗಿರಲಿಲ್ಲ.

ಸಿಂಚನಾ ಕಣ್ಣೊರೆಸಿಕೊಂಡು ಮೇಜಿನ ಮೇಲಿನ ಕಾರ್ಡನ್ನು ತನ್ನ ಕಡೆ ಎಳೆದುಕೊಂಡಳು. "ಇದನ್ನ ಮಾತ್ರ ನಾನು ಇಟ್ಕೋತೀನಿ ಅಪ್ಪ. ಪ್ರಾಮಿಸ್. ಇದು ತುಂಬಾ ಚೆನ್ನಾಗಿದೆ. ಫ್ರೇಮ್ ಹಾಕಿಸ್ತೀನಿ." ಮತ್ತೆ ಅದೇ ಭಾನುವಾರದ ಧ್ವನಿ. ಇಷ್ಟು ಹೇಳಿಯೂ ಅವಳಿಗೆ ನನ್ನನ್ನು ಹಾಗೇ ಬಿಡಲು ಆಗಲಿಲ್ಲ.

"ಬ್ಯಾಡವಾ" ಎಂದೆ. ಅವಳ ಬೆರಳಿನಡಿಯಿಂದ ಕಾರ್ಡನ್ನು ಮೆಲ್ಲಗೆ ಜಾರಿಸಿ ತೆಗೆದುಕೊಂಡು ನನ್ನ ಜೇಬಿಗೆ ಹಾಕಿಕೊಂಡೆ. "ಇದು ನಂದು. ನನಗ ಬೇಕು." ಸುಳ್ಳು. ನನಗೂ ಅದು ಬೇಕಾಗಿರಲಿಲ್ಲ. ಆದರೆ ಅವಳ ಭುಜ ಸಡಿಲವಾದದ್ದು ಕಣ್ಣಿಗೆ ಕಾಣುವಷ್ಟಿತ್ತು.

ಆಕ್ಲೆಂಡಿಗೆ ಬಂದ ಮೇಲೆ ಅದನ್ನು ಮೆರೆಗೆ ಕೊಟ್ಟೆ. ಈಗವಳು ಬೇರೆ ಸಣ್ಣ ಹುಡುಗಿಯರಿಗೆ ಕಲಿಸುತ್ತಿದ್ದಳು. ನನ್ನನ್ನು ಕಂಡು, "ಓಹ್, ಸಿಂಚ್ಸ್ ಡ್ಯಾಡ್! ಸಿಂಚ್ ಹೇಗಿದ್ದಾಳೆ?" ಎಂದಳು. ಚೆನ್ನಾಗಿದ್ದಾಳೆ ಎಂದು ಹೇಳಲು ಬಾಯಿ ತೆರೆದೆ. ನಿಜಕ್ಕೂ ಹೇಗಿದ್ದಾಳೆಂದು ನನಗೆ ಗೊತ್ತಿಲ್ಲವೆಂಬುದು ಅಲ್ಲಿ ನಿಂತಿದ್ದಾಗ ಅರ್ಥವಾಯಿತು. ಎತ್ತರ ಆಗಿದ್ದಾಳೆ ಎಂದೆ.

ಮುಂದಿನ ಭಾನುವಾರ ಫೋನು ಬಂತು. ಮಾಮ ಇಲ್ಲದ ಮೊದಲ ಭಾನುವಾರ. ಊಟ ಆಯ್ತಾ, ಆಯಿತು, ಅಲ್ಲಿ ಮಳೆನಾ, ಹೌದು. ಅಷ್ಟಕ್ಕೇ ಫೋನಿಟ್ಟೆವು. ಅದರ ಮುಂದಿನ ವಾರ ಇನ್ನೂ ಚಿಕ್ಕದಾಯಿತು. ಆಮೇಲೆ ಒಂದು ಭಾನುವಾರ ಬರಲಿಲ್ಲ, ಮೆಸೇಜು ಬಂತು: ಪರೀಕ್ಷೆ ಇದೆ, ಸಾರಿ. ಸರಿಯವಾ ಎಂದು ಬರೆದೆ. ನಾನೇ ಮಾಡಬಹುದಿತ್ತು. ಮಾಡಿದರೆ ಅವಳು ಮತ್ತೆ ನನ್ನ ಸಲುವಾಗಿ ಏನಾದರೊಂದು ಉತ್ಸಾಹ ಹುಡುಕಿಕೊಳ್ಳುತ್ತಾಳೆಂದು ಹೆದರಿ, ಫೋನು ಕೈಯಲ್ಲಿ ಹಿಡಿದು, ಕೆಳಗಿಟ್ಟು, ಅನ್ನ ಬಿಸಿಮಾಡಿಕೊಂಡು ಉಣ್ಣುತ್ತಿದ್ದೆ. ಭಾನುವಾರಗಳು ಎಷ್ಟು ಉದ್ದ ಇರುತ್ತವೆಂಬುದು ನನಗೆ ಆವರೆಗೆ ತಿಳಿದಿರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡು ನಿಂತಿದ್ದಾಗ ಫೋನು ನಡುಗಿತು. ಸಿಂಚನಾ. ಬುಧವಾರ ಅವಳು ಎಂದೂ ಮಾಡಿದವಳಲ್ಲ. ಕೈಗವಸು ಕಿತ್ತೆಸೆದು ಹೊರಗೋಡಿ, "ಏನವಾ, ಏನಾತು?" ಎಂದೆ.

"ಏನೂ ಆಗಿಲ್ಲ" ಎಂದಳು. ಅತ್ತಿದ್ದವಳ ಧ್ವನಿ. "ಇವತ್ತು ಎಲ್ಲ ಕೆಟ್ಟದಾಗಿತ್ತು ಅಪ್ಪ. ತುಂಬಾ."

"ಏನಂತ ಹೇಳವಾ."

"ಹೇಳಕ್ಕೆ ಇಷ್ಟ ಇಲ್ಲ."

"ಅಮ್ಮಗ ಹೇಳ್ಲೇನು? ನಾ ಬರ್ಲೇನವಾ?"

"ಬೇಡ. ಬಸ್ ಸ್ಟಾಪಲ್ಲಿದ್ದೀನಿ. ಬಸ್ ಬರೋ ತನಕ ಲೈನಲ್ಲಿ ಇರು. ಸುಮ್ಮನೆ ಇರು, ಏನೂ ಮಾತಾಡಬೇಡ."

ಇದ್ದೆ. ಏನೂ ಮಾತಾಡಲಿಲ್ಲ. ಆ ಕಡೆ ಮಳೆ ಬೀಳುತ್ತಿತ್ತು. ಅವಳು ನಿಂತಿದ್ದ ಜಾಗದ ತಗಡಿನ ಮೇಲೆ ಬೀಳುವುದು ಕೇಳುತ್ತಿತ್ತು. ನೀರು ಸೀಳಿಕೊಂಡು ಕಾರುಗಳು ಹೋಗುತ್ತಿದ್ದವು. ಯಾರೋ ಹುಡುಗರು ನಗುತ್ತ ದಾಟಿ ಹೋದರು. ನಡುನಡುವೆ ಅವಳು ಮೂಗು ಎಳೆದುಕೊಳ್ಳುತ್ತಿದ್ದಳು. ಒಳಗಿನಿಂದ ನನ್ನ ಜೊತೆಯವನು ಕಿಟಕಿ ತಟ್ಟಿ ಕರೆದ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಬಹಳ ಹೊತ್ತಿನ ಮೇಲೆ ಬ್ರೇಕಿನ ಸದ್ದು ಕೇಳಿಸಿತು, ಬಾಗಿಲು ಉಸ್ಸೆಂದು ತೆರೆದುಕೊಂಡಿತು.

"ಬಸ್ ಬಂತು ಅಪ್ಪ" ಎಂದಳು. ಫೋನು ಕಟ್ಟಾಯಿತು.